ಮ್ಯಾಡಿಸನ್ನಿನ ಚಳಿಗೆ ಹೆದರಿ ಒಳಗೇ ಕೂರಬೇಡಿ

ಜನವರಿಯಲ್ಲಿ ಅಮೆರಿಕದ ಮ್ಯಾಡಿಸನ್ ಊರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಓದಲು ಬರುತ್ತಿದ್ದೀರಿ. ಧಾರವಾಡ ಬಿಟ್ಟು ಎಲ್ಲೂ ಇದ್ದವರಲ್ಲ, ಚಳಿಗಾಲ ಪೂರ್ತಿ ರೂಮಿನಲ್ಲೇ ಕಳೆಯಬೇಕಾ ಎಂದು ಕೇಳಿದ್ದೀರಿ. ಬೇಡವೇ ಬೇಡ. ಮೊದಲನೇ ವರ್ಷ ನಾನು ಹಾಗೇ ಮಾಡಿದೆ. ಫೆಬ್ರವರಿ ಹೊತ್ತಿಗೆ ಅಮ್ಮನ ಫೋನ್ ಎತ್ತುವುದಕ್ಕೂ ಮನಸ್ಸಿರುತ್ತಿರಲಿಲ್ಲ. ಮತ್ತೆ ನಾನು ನಾನಾಗಿದ್ದು ನಡೆಯಲು ಶುರು ಮಾಡಿದ ಮೇಲೆ.

ಕ್ಲಾಸು ಶುರುವಾಗುವ ಒಂದು ವಾರ ಮೊದಲೇ ಬನ್ನಿ. ಆಗ ಕ್ಯಾಂಪಸ್ ಖಾಲಿ. ಬ್ಯಾಸ್ಕಮ್ ಗುಡ್ಡದ ಮೇಲೆ ಲಿಂಕನ್ ವಿಗ್ರಹದ ತೊಡೆ ಮೇಲೆಲ್ಲ ಹಿಮ ಕೂತಿರುತ್ತದೆ. ವಿದ್ಯಾರ್ಥಿಗಳು ಸೇರುವ ಕಟ್ಟಡ ಮೆಮೋರಿಯಲ್ ಯೂನಿಯನ್ ಹಿಂದೆ ಇಳಿದರೆ ಮೆಂಡೋಟಾ ಸರೋವರ. ಅದರ ದಂಡೆಯಲ್ಲೇ ಸಾಗುವ ದಾರಿಗೆ ವಿಜ್ಞಾನಿ ಹೊವರ್ಡ್ ಟೆಮಿನ್ ಹೆಸರಿದೆ. ಇಲ್ಲೇ ಪಾಠ ಮಾಡುತ್ತಿದ್ದವರು, 1975ರ ನೊಬೆಲ್ ಅವರಿಗೂ ಬಂತು. ನಮ್ಮ ಹರಗೋಬಿಂದ್ ಖೊರಾನಾ 1968ರಲ್ಲಿ ನೊಬೆಲ್ ಪಡೆದಾಗ ಇದೇ ಕ್ಯಾಂಪಸ್ಸಿನಲ್ಲಿದ್ದರು. ಆ ದಾರಿಯಲ್ಲಿ ಸುಮ್ನೆ ಪಶ್ಚಿಮಕ್ಕೆ ಹೋಗುತ್ತಿರಿ, ಪಿಕ್ನಿಕ್ ಪಾಯಿಂಟ್ ಸಿಗುತ್ತದೆ. ಸುಮಾರು ಒಂದು ಮೈಲಿ ಸರೋವರದೊಳಕ್ಕೆ ಚಾಚಿಕೊಂಡ ಕಾಡು.

ಅಲ್ಲಿ ನಿಂತು ಕಿವಿಗೊಡಿ. ಹೆಪ್ಪುಗಟ್ಟಿದ ಸರೋವರ ಸದ್ದು ಮಾಡುತ್ತದೆ. ಎಲ್ಲೋ ದೂರದಲ್ಲಿ ಗುಂಯ್ ಎಂದು ಹುಟ್ಟಿ, ಕಾಲ ಬುಡದವರೆಗೆ ಓಡಿ ಬರುತ್ತದೆ. ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ ಎಂದಿತ್ತು. ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದ ಅಜ್ಜ ಒಬ್ಬರು ಸಮಾಧಾನ ಹೇಳಿದರು: ಬಿಸಿಲು ಏರಿ ಇಳಿದ ಹಾಗೆ ಗಡ್ಡೆ ಹಿಗ್ಗುತ್ತದೆ, ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಅದರದ್ದೇ ಸದ್ದು ಎಂದು. ಆದರೆ ನೀವು ಮಾತ್ರ ಒಬ್ಬರೇ ಗಡ್ಡೆ ಮೇಲೆ ಕಾಲಿಡಬೇಡಿ. ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ.

ಮೈನಸ್ 15 ಡಿಗ್ರಿಗಿಂತ ಗಾಳಿಯೇ ಜಾಸ್ತಿ ಕಾಡುತ್ತದೆ. ಜೀನ್ಸ್ ಒಳಗೆ ಥರ್ಮಲ್ ಹಾಕಿ. ಎರಡು ಕಾಲುಚೀಲ ಹಿಡಿಸುವ ಬೂಟು ತಗೊಳ್ಳಿ. ಬೆರಳು ಬೇರೆ ಬೇರೆ ಇರುವ ಗ್ಲೌಸಿಗಿಂತ ಮಿಟನ್ ಬೆಚ್ಚಗೆ, ಒಳಗೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಲ್ವಾ. ಜಾರುವ ಕಡೆ ಪಾದ ಪೂರ್ತಿ ಊರಿ, ಚಿಕ್ಕ ಹೆಜ್ಜೆ ಇಡಿ.

ಮಧ್ಯಾಹ್ನವೇ ಹೊರಡಿ. ಜನವರಿ ಮಧ್ಯದಲ್ಲೂ 5 ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಬಂದ ಮೊದಲ ಭಾನುವಾರ 1 ಗಂಟೆಗೆ ಯೂನಿಯನ್ ಹಿಂದೆ ಸಿಗಿ, ಜೊತೆಗೇ ಹೋಗೋಣ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ನಾನು ತರುತ್ತೇನೆ.