ಅಮೆರಿಕದ ವರ್ಜೀನಿಯಾ ರಾಜ್ಯದ ಜೇಮ್ಸ್ ಸಿಟಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಹಳೆಯ ಕೋರ್ಟ್ ದಾಖಲೆಗಳು ಏಕೆ ಸಿಗುವುದಿಲ್ಲ?
ಅಂತರ್ಯುದ್ಧದ ಕಾಲದಲ್ಲಿ ಭದ್ರವಾಗಿರಲಿ ಎಂದು ಅವನ್ನು ರಾಜಧಾನಿ ರಿಚ್‌ಮಂಡ್‌ಗೆ ಸಾಗಿಸಿದ್ದರು. 1865ರ ಏಪ್ರಿಲ್‌ನಲ್ಲಿ ಆ ಊರಿಗೇ ಬೆಂಕಿ ಬಿದ್ದು ಆ ದಾಖಲೆಗಳು ಬೂದಿಯಾದವು. ಕಾಪಾಡಲೆಂದೇ ಕಳಿಸಿದ್ದವು ಹಾಗೆ ಹೋದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದರೂ ಅಲ್ಲಿನ ಹಳೆಯ ಜನರ ಗುರುತು ಹುಡುಕುವವರಿಗೆ ದಾರಿ ಮುಚ್ಚಿಲ್ಲ. 1782ರಿಂದ ಕೌಂಟಿಗಳ ತೆರಿಗೆ ಪಟ್ಟಿಯ ಒಂದು ಪ್ರತಿ ರಾಜ್ಯದ ಲೆಕ್ಕಪತ್ರ ಕಚೇರಿಗೂ ಹೋಗುತ್ತಿತ್ತು. ಉಳಿದಿರುವ ಆ ಪಟ್ಟಿಗಳು ಇಂದು, 1823ರಲ್ಲಿ ಶುರುವಾದ ರಾಜ್ಯ ಗ್ರಂಥಾಲಯದಲ್ಲಿವೆ. ವರ್ಜೀನಿಯಾದಲ್ಲಿ ಗ್ರಂಥಾಲಯವೇ ಸರ್ಕಾರದ ಪತ್ರಾಗಾರ ಕೂಡ. ಆ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು, ಅದರ ಮುಂದೆ ಕುದುರೆ, ದನಗಳ ಲೆಕ್ಕ, ಅದೇ ಸಾಲಿನಲ್ಲಿ ಗುಲಾಮರ ಎಣಿಕೆ. ಆರಂಭದ ವರ್ಷಗಳ ಕೆಲವು ಪಟ್ಟಿಗಳಲ್ಲಿ ಆ ಗುಲಾಮರ ಹೆಸರುಗಳೂ ಇವೆ. ಅವರಲ್ಲಿ ಹಲವರ ಹೆಸರು ಬೇರೆಲ್ಲೂ ಸಿಗದಿರಬಹುದು. ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿ.