ಕೇಳಿದ್ದು, ಹೇಳಿದ್ದು: ಮ್ಯೂಸಿಯಂ ಅಂಗಳದಲ್ಲಿ ಮುದ್ದೆ

ಈ ಸಲ ಬಂದ ಕಾಗದಗಳಲ್ಲಿ ಐದು ಕೋಲಾರ ಜಿಲ್ಲೆಯವು. ಐದೂ ಒಂದೇ ವಿಷಯದ ಮೇಲೆ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ನಡೆದು ಬಂದಿದೆ. ಆ ಸಂಜೆ ಅಲ್ಲಿನ ಒಂದು ಪುಟ್ಟ ಮ್ಯೂಸಿಯಂನಲ್ಲಿ ಊರಿನ ಹೆಣ್ಣುಮಕ್ಕಳ ಅಡುಗೆ, ಚಿತ್ರ, ಹಾಡು ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತಾರಂತೆ. ಹಾಗಾಗಿ ಬೇರೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಬೇಜಾರು ಮಾಡ್ಕೋಬೇಡಿ.

ಅಕ್ಕಾ, ನಾವು ಸಂಘದ ಹನ್ನೊಂದು ಜನ ಸೇರಿ ನೂರು ಜನಕ್ಕೆ ಅಡುಗೆ ಮಾಡಬೇಕು. ಕೋಲಾರ ಅಂದ್ರೆ ಹಿತಕಿದ ಬೇಳೆ ಸಾರು ಅಲ್ವಾ, ಅದನ್ನೇ ಮಾಡೋಣ ಅಂತಿದ್ದೀವಿ. ನಮ್ಮ ಹುಡುಗೀರು ಗೋಬಿ ಮಂಚೂರಿನೂ ಇರಲಿ ಅಂತಾರೆ. ಏನಂತೀರಿ?
– ಓದುಗಿ, ಮುಳಬಾಗಿಲು

ಅಮ್ಮಾ, ಮೇ ತಿಂಗಳಲ್ಲಿ ಅವರೆಕಾಯಿ ಎಲ್ಲಿಂದ ತರ್ತೀರಿ? ಈಗ ವರ್ಷವಿಡೀ ಬರೋ ಅವರೆನೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಡಿಸೆಂಬರ್ ಚಳಿಗೆ, ಮಂಜಿಗೆ ಬರೋ ಆ ಸೊಗಡು ಅದರಲ್ಲಿ ಇರುವುದಿಲ್ಲ. ಸೊಗಡಿಲ್ಲದ ಅವರೆಯನ್ನು ರಾತ್ರಿಯಿಡೀ ನೆನೆಸಿ, ಹನ್ನೊಂದು ಜನ ಕೂತು ಬೆರಳು ಸುಕ್ಕಾಗೋ ತನಕ ಹಿತುಕಿ, ಕೊನೆಗೆ ಉಂಡವರು 'ಪರವಾಗಿಲ್ಲ' ಅಂದ್ರೆ ಹೊಟ್ಟೆ ಉರಿಯುತ್ತೆ. ಅದನ್ನು ಸಂಕ್ರಾಂತಿಗೆ ಇಟ್ಟುಕೊಳ್ಳಿ.

ಬಸ್ಸಾರು ಮಾಡಿ. ಅಲಸಂದೆ ಕಾಳು, ದಂಟಿನ ಸೊಪ್ಪು ಸಾಕು. ಬೇಯಿಸಿ, ಕಟ್ಟು ಬಸಿದು, ಬೆಂದ ಕಾಳು ಸೊಪ್ಪಿನಲ್ಲೇ ಒಂದು ಸೌಟು ತೆಗೆದು ಖಾರದ ಜೊತೆ ರುಬ್ಬಿ ಕಟ್ಟಿಗೆ ಹಾಕಿದರೆ ಸಾರು, ಉಳಿದಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಒಂದು ಹನಿ ನೀರೂ ದಂಡವಾಗಲ್ಲ. ಬೋರ್‌ವೆಲ್ ನೀರಿಗೆ ಕಾಯುವ ನಮ್ಮ ಬಯಲುಸೀಮೆಯ ಬುದ್ಧಿ ಇದು ಅಂತ ನನಗೆ ಯಾವಾಗಲೂ ಅನಿಸುತ್ತೆ. ಅಷ್ಟೊತ್ತಿಗೆ ಒಂದೆರಡು ಮಳೆ ಬಿದ್ದಿದ್ದರೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಸಿಗುತ್ತೆ, ಆಗ ಮಸ್ಸೊಪ್ಪಿಗೂ ಕೈ ಹಾಕಬಹುದು. ಶ್ರೀನಿವಾಸಪುರ ಪಕ್ಕದಲ್ಲೇ ಇದೆ, ಮಾವಿನಕಾಯಿ ಚಿತ್ರಾನ್ನ ಬಿಟ್ಟರೆ ಪಾಪ. ನಿಮ್ಮೂರಿನ ದೋಸೆ ಬೇಡ. ರುಚಿಗಲ್ಲ ನಾನು ಹೇಳೋದು, ತುಪ್ಪ ಹಾಕಿ ನಿಧಾನಕ್ಕೆ ಬೇಯಿಸೋ ದಪ್ಪ ದೋಸೆಯನ್ನು ನೂರು ಜನಕ್ಕೆ ಕೊಡೋಷ್ಟರಲ್ಲಿ ಬೆಳಗಾಗುತ್ತೆ.

ಇನ್ನು ಮುದ್ದೆ. ಒಂದಕ್ಕೆ 100 ಗ್ರಾಂ ಹಿಟ್ಟು ಹಿಡಿದರೂ ನೂರು ಜನಕ್ಕೆ 10 ಕಿಲೋ. ಆದ್ರೆ ಎಲ್ಲ ಒಟ್ಟಿಗೆ ಮಾಡಿ ಡಬ್ಬಿಗೆ ತುಂಬಬೇಡಿ, ಮೇಲಿನ ಪದರ ಒಣಗಿ ಗಟ್ಟಿಯಾಗುತ್ತೆ. ಇಪ್ಪತ್ತಿಪ್ಪತ್ತೇ ಮಾಡಿ, ಅದೂ ಜನರ ಕಣ್ಣೆದುರಿಗೆ. ಕುದಿಯೋ ನೀರಿನ ನಡುವೆ ಹಿಟ್ಟನ್ನು ಗುಡ್ಡೆ ಹಾಕಿ ಕೋಲು ಚುಚ್ಚಿ ಬಿಟ್ಟಾಗ ಅದು ಗೊಳಕ್ ಗೊಳಕ್ ಅಂತ ಬೇಯುತ್ತಲ್ಲ, ಆಮೇಲೆ ಒಬ್ಬಳು ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು ಇನ್ನೊಬ್ಬಳು ಮೈಯೆಲ್ಲ ಬಳಸಿ ತೊಳಸುತ್ತಾಳಲ್ಲ, ಅದಕ್ಕಿಂತ ಒಳ್ಳೇ ಪ್ರದರ್ಶನ ಆ ಸಂಜೆ ಇನ್ನೊಂದು ಇರಲ್ಲ. ಒದ್ದೆ ಕೈಯಲ್ಲಿ ಮುದ್ದೆ ಕಟ್ಟೋದನ್ನು ನೋಡಿದ ಪೇಟೆ ಮಕ್ಕಳು ಫೋನ್ ಕೆಳಗಿಡುತ್ತಾರೆ.

ಗೋಬಿ ಮಂಚೂರಿ ಬಸ್ ಸ್ಟ್ಯಾಂಡ್‌ನಲ್ಲಿ ಸಿಗುತ್ತೆ.

ನನ್ನ ಹೆಂಡತಿ ಚೆನ್ನಾಗಿಯೇ ಅಡುಗೆ ಮಾಡ್ತಾಳೆ, ಒಪ್ಪಿದೆ. ಆದರೆ ಕರಪತ್ರದಲ್ಲಿ 'ಶೆಫ್' ಅಂತ ಹಾಕಿದ್ದಾರೆ. ಇದು ಸ್ವಲ್ಪ ಜಾಸ್ತಿ ಆಯ್ತಲ್ವಾ ಮೇಡಂ? ಮ್ಯೂಸಿಯಂಗೂ ಅಡುಗೆಗೂ ಏನು ಸಂಬಂಧ?
– ಓದುಗ, ಬಂಗಾರಪೇಟೆ

ಜಾಸ್ತಿ ಏನೂ ಆಗಿಲ್ಲ ಸ್ವಾಮಿ. ಯೋಚನೆ ಮಾಡಿ: ರುಚಿಯಾಗಿದ್ದರೆ ನಳಪಾಕ ಅಂತೀವಿ, ಇಲ್ಲಾ ಭೀಮಪಾಕ ಅಂತೀವಿ. ಇಬ್ಬರೂ ಗಂಡಸರು. ಕನ್ನಡದಲ್ಲಿ ಅಡುಗೆ ಬಗ್ಗೆ ಬರೆದವರನ್ನು ನೋಡಿ, 11ನೇ ಶತಮಾನದಲ್ಲಿ 'ಲೋಕೋಪಕಾರ'ದ ಚಾವುಂಡರಾಯ, 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ದ ಮಂಗರಸ. ಅವರೂ ಗಂಡಸರೇ. ದ್ರೌಪದಿಗೆ ಏನು ಸಿಕ್ಕಿತು? ಒಂದು ಪಾತ್ರೆ. ಹೆಸರು ಬಂದಿದ್ದೂ ಆ ಪಾತ್ರೆಗೇ. ಸಾವಿರ ವರ್ಷ ಆದಮೇಲೆ ನಿಮ್ಮ ಮನೆಯವರ ಹೆಸರು ಒಂದು ಕರಪತ್ರದಲ್ಲಿ ಬಂದಿದೆ. ಅದನ್ನು ಮಡಚಿ ಎತ್ತಿಡಿ. 'ಶೆಫ್' ಪದ ಇಷ್ಟ ಇಲ್ಲದಿದ್ದರೆ ಬಾಣಸಿಗರು ಅನ್ನಿ, ನನಗೇನೂ ತಕರಾರಿಲ್ಲ.

ಶಾಲು, ಸರ್ಟಿಫಿಕೇಟ್ ಕೊಡ್ತೀವಿ, ಸಾಮಾನು ನೀವೇ ತನ್ನಿ ಅಂತಿದ್ದಾರೆ. ದುಡ್ಡು ಕೇಳಿದರೆ ತಪ್ಪಾಗುತ್ತಾ?
– ಹೆಸರು ಬೇಡ ಎಂದಿದ್ದಾರೆ

ತಪ್ಪಿಲ್ಲ. ಕೇಳಿ. ಮೈಕಿನವನಿಗೆ ಕೊಡುತ್ತಾರೆ, ಶಾಮಿಯಾನದವನಿಗೆ ಕೊಡುತ್ತಾರೆ, ನಿಮಗ್ಯಾಕೆ ಬಿಟ್ಟಿ ಚಾಕರಿ? ಸಾಮಾನು, ಗ್ಯಾಸು, ಆಟೋ, ನಿಮ್ಮ ಎರಡು ದಿನದ ಕೂಲಿ, ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಅರ್ಧ ಮುಂಗಡ ಇಸ್ಕೊಳ್ಳಿ. ಮುಂದೆಯೂ ಇಂಥ ಕೆಲಸ ಹಿಡಿಯೋ ಆಸೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, 14 ಅಂಕಿಯ ಒಂದು ನಂಬರ್ ಕೊಡುತ್ತಾರೆ. ಅದಿದ್ದರೆ ಯಾರೂ ನಿಮ್ಮನ್ನು 'ಮನೆ ಹೆಂಗಸರು' ಅಂತ ತಳ್ಳಿಹಾಕಲ್ಲ.

ನನಗಾದದ್ದನ್ನೇ ಹೇಳ್ತೀನಿ. ವರ್ಷಗಳ ಹಿಂದೆ ಒಂದು ಊರಿನ ಮಹಿಳಾ ದಿನಕ್ಕೆ ನಾವು ಏಳು ಜನ ಹೋಳಿಗೆ ಮಾಡಿದ್ದೆವು. ಶಾಲು ಬಂದವು, ನಿಜ. ಎಲ್ಲವೂ ಅತಿಥಿಗಳ ಹೆಗಲಿಗೆ. ನಮ್ಮನ್ನು ಕರೆದಾಗ ನಾನು ಸೆರಗು ಸರಿ ಮಾಡಿಕೊಂಡು ಎದ್ದೆ. ವೇದಿಕೆ ಮೇಲಿದ್ದವರಿಗೆ ಕಾಫಿ ಬೇಕಿತ್ತಂತೆ. ಅವತ್ತಿಂದ ನಾನು ಎರಡು ಷರತ್ತು ಹಾಕುತ್ತೇನೆ: ಪ್ರತಿ ಅಡುಗೆ ಮುಂದೆ ಮಾಡಿದವಳ ಹೆಸರಿನ ಚೀಟಿ ಇರಬೇಕು, ಪಾತ್ರೆ ತೊಳೆಯೋಕೆ ಬೇರೆ ಜನ ಇರಬೇಕು.

ನಾನು ಮ್ಯೂಸಿಯಂ ಕೆಲಸದವನು. ಹೊಗೆ, ಎಣ್ಣೆ ಅಂದ್ರೆ ನಮಗೆ ಭಯ. ಬೇಡ ಅಂದರೆ ಎಲ್ಲರೂ ನನ್ನನ್ನೇ ವಿಲನ್ ಮಾಡುತ್ತಾರೆ.

ನಿಮ್ಮ ಭಯ ಸರಿಯಾಗಿದೆ, ನಾನು ನಿಮ್ಮ ಕಡೆ. ಒಗ್ಗರಣೆಯ ಜಿಡ್ಡು ಚಿತ್ರದ ಮೇಲೆ ಕೂತರೆ ಅದಕ್ಕೆ ಧೂಳು ಅಂಟುತ್ತೆ, ಅನ್ನದ ಅಗುಳು ಬಿದ್ದರೆ ಇರುವೆ, ಜಿರಳೆ ಬರುತ್ತವೆ. ಒಲೆ ಅಂಗಳದಲ್ಲಿರಲಿ, ಗಾಳಿ ಬೀಸೋ ದಿಕ್ಕು ನೋಡಿ ಬಾಗಿಲಿನಿಂದ ದೂರ ಇಡಿಸಿ. ಸಿಲಿಂಡರ್ ಪಕ್ಕ ಮರಳಿನ ಬಕೆಟ್ಟು, ಬೆಂಕಿ ಆರಿಸೋ ಸಾಧನ ಎರಡೂ ಬೇಕು. ಒಳಗೆ ಚಿತ್ರ, ಹೊರಗೆ ಊಟ. ತಟ್ಟೆ ಹಿಡಿದವರು ಹೊಸ್ತಿಲು ದಾಟಬಾರದು. ಹುಡುಗಿಯರ ಜಲವರ್ಣ ಚಿತ್ರಗಳ ಮೇಲೆ ಮದುವೆ ಮನೆಯ ಫೋಕಸ್ ಲೈಟ್ ಬಿಡಬೇಡಿ, ಬಣ್ಣ ಮಾಸುತ್ತೆ. ಅಂಗಳದ ತುಂಬ ರಂಗೋಲಿ ಹಾಕಿಸಿ, ಅದೂ ಕಲೆಯೇ, ಮೊಳೆಯೂ ಬೇಡ. ಇನ್ನು ಸಾರು ಬಿಸಿಯಾಗಿಯೇ ಇರಬೇಕು, 60 ಡಿಗ್ರಿಗಿಂತ ಕೆಳಗೆ ಇಳಿದು ಎರಡು ಗಂಟೆ ಕೂತರೆ ಬಡಿಸಬೇಡಿ, ಬೇಸಿಗೆ ಬೇರೆ. ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಮಾಡಲೇಬೇಕು, ಅದು ಕಾನೂನು.

ನಮ್ಮತ್ತೆಗೆ 80 ದಾಟಿದೆ. ಬೀಸೋ ಪದ ಹಾಡ್ತಾರೆ. ಮೈಕ್ ಮುಂದೆ ನಿಲ್ಲಿಸಿದರೆ ಮಾತೇ ಹೊರಡಲ್ಲ. ಆರ್ಕೆಸ್ಟ್ರಾದವರು ಕೀಬೋರ್ಡ್ ಸೇರಿಸೋಣ ಅಂತಾರೆ. ಅಲ್ಲದೆ ಅವರ ಪದಗಳಲ್ಲಿ ಅರ್ಧ ತೆಲುಗು. ಏನು ಮಾಡಲಿ?
– ಓದುಗಿ, ಮಾಲೂರು

ಕೀಬೋರ್ಡ್ ಬೇಡವೇ ಬೇಡ. ಆ ಹಾಡಿಗೆ ತಾಳ ಕಲ್ಲಿನದು, ಶ್ರುತಿ ಅಜ್ಜಿಯದು. ತೆಲುಗು ಇದ್ದರೆ ಇರಲಿ ಬಿಡಿ, ಕೋಲಾರದ ಕಡೆ ಮನೆ ಮಾತು ಹಾಗೇ ಅಲ್ವಾ, ಕೈವಾರ ತಾತಯ್ಯ ಎರಡೂ ಭಾಷೆಯಲ್ಲಿ ಹಾಡಿದವರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅವರೂ ಪದ ಹಾಡುತ್ತಿದ್ದವರೇ. ಯಾವ ಕೀಬೋರ್ಡನ್ನು ಕಾಯುತ್ತಾ ಕೂತಿದ್ದರು?

ಮೈಕ್ ಮುಂದೆ ನಿಲ್ಲಿಸಬೇಡಿ. ಚಾಪೆ ಹಾಕಿ, ಬೀಸೋಕಲ್ಲಿನ ಮುಂದೆ ಕೂರಿಸಿ. ಎದುರಿಗೆ ನೀವು ಕೂತುಕೊಳ್ಳಿ. ಮೈಕ್ ನೆಲದ ಮೇಲೆ ಪಕ್ಕಕ್ಕಿರಲಿ, ಅದು ಇದೆ ಅನ್ನೋದೇ ಅವರಿಗೆ ಮರೆತುಹೋಗಬೇಕು. ಕಲ್ಲು ತಿರುಗಿದರೆ ಪದ ತಾನಾಗೇ ಬರುತ್ತೆ.

ಒಂದು ಸಲ ನಮ್ಮತ್ತೆಯನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಹಗ್ಗದ ಆಚೆ ಬೀಸೋಕಲ್ಲು ಇತ್ತು. ಚೀಟಿಯಲ್ಲಿ 'ಬೀಸುವ ಕಲ್ಲು. ವಸ್ತು: ಕಲ್ಲು' ಅಂತ ಬರೆದಿತ್ತು. ಅತ್ತೆ ಬಗ್ಗಿ ನೋಡಿ, ಕಾವಲಿನವನನ್ನು ಕರೆದು, "ಏನಪ್ಪಾ, ಇದರ ಗೂಟ ಎಲ್ಲಿ? ಗೂಟ ಇಲ್ದೆ ಹೆಂಗೆ ತಿರುಗಿಸೋದು?" ಅಂದರು. ಆತ ತಲೆ ಕೆರೆದುಕೊಂಡ. ಇವರು ಗಾಳಿಯಲ್ಲೇ ಕೈ ತಿರುಗಿಸಿ ತೋರಿಸೋಕೆ ಶುರು ಮಾಡಿದರು. ಎರಡು ಸುತ್ತು ಆಗೋಷ್ಟರಲ್ಲಿ ಸಣ್ಣಗೆ ಪದವೂ ಬಂತು. ನಾನು ಆ ಮನೆಗೆ ಬಂದು ಇಪ್ಪತ್ತು ವರ್ಷ ಆಗಿತ್ತು, ಆ ಪದ ಕೇಳಿದ್ದು ಅವತ್ತೇ ಮೊದಲು.

ಹಾಗಾಗಿ ಮ್ಯೂಸಿಯಂ ಕಲ್ಲಿಗೆ ಕೈ ಹಾಕಬೇಡಿ, ಮನೆಯದ್ದೇ ಆಟೋದಲ್ಲಿ ಹಾಕಿಕೊಂಡು ಹೋಗಿ. ಗೂಟ ಅಲ್ಲಾಡುತ್ತಿದ್ದರೆ ಬಟ್ಟೆ ಚೂರು ಸಿಕ್ಕಿಸಿ ಬಿಗಿ ಮಾಡಿ. ರಾಗಿ ಒಂದು ಸೇರು ಸಾಕು.