ನಮ್ಮ ತಾಳವಾಡಿ ಕರ್ನಾಟಕದ್ದೋ ತಮಿಳುನಾಡಿನದೋ ಅಂತ ಕೇಳಿದಿರಲ್ಲ

ದಾಖಲೆಯಲ್ಲಿ ತಮಿಳುನಾಡಿನದು. ಈರೋಡ್ ಜಿಲ್ಲೆ, 2016ರಿಂದ ಪ್ರತ್ಯೇಕ ತಾಲ್ಲೂಕು. ಮನೆಮಾತು ಹೆಚ್ಚಿನವರದು ಕನ್ನಡ. ತಮಿಳರಿದ್ದಾರೆ, ಕಾಡಂಚಿನ ಹಾಡಿಗಳಲ್ಲಿ ಸೋಲಿಗರು, ಊರಾಳಿಗಳು ಅನ್ನೋ ಬುಡಕಟ್ಟಿನವರಿದ್ದಾರೆ. ಸಂತೆಯಲ್ಲಿ ನಿಂತರೆ ಒಂದೇ ಬಾಯಲ್ಲಿ ಕನ್ನಡ, ತಮಿಳು ಎರಡೂ ಕೇಳಿಸುತ್ತದೆ.

ನನ್ನ ಕೇಳಿದರೆ ನಮ್ಮ ನಿಜವಾದ ಗಡಿ ದಿಂಬಂ ಘಾಟ್. 27 ತಿರುವು ಇಳಿದರೆ ಬಣ್ಣಾರಿ, ಆಮೇಲೆ ಸತ್ಯಮಂಗಲ. ಜಿಲ್ಲಾ ಕೇಂದ್ರ ಇನ್ನೂ ಎಷ್ಟೋ ದೂರ. ಹುಲಿ ಸಂರಕ್ಷಿತ ಕಾಡು ಬೇರೆ. 2022ರಿಂದ ರಾತ್ರಿ ವಾಹನಗಳಿಗೆ ನಿರ್ಬಂಧವೂ ಇದೆ. ಅದೇ ಚಾಮರಾಜನಗರದ ಕಡೆ ಘಾಟೂ ಇಲ್ಲ, ಅಷ್ಟು ದೂರವೂ ಇಲ್ಲ. ಹಾಗಾಗಿ ಪಟ್ಟಾ, ರೇಷನ್ ಕಾರ್ಡು ತಮಿಳುನಾಡಿನದು. ಬಟ್ಟೆ ಅಂಗಡಿ, ಬೀಗರು, ಮುದ್ದೆ ಉಪ್ಸಾರು ಕರ್ನಾಟಕದ ಕಡೆಯದು. ಹೆಣ್ಣು ಕೊಡುವಾಗ ತರುವಾಗ ರಾಜ್ಯ ಯಾವುದು ಅಂತ ಯಾರೂ ಕೇಳಲ್ಲ.

ಕಷ್ಟ ಬರುವುದು ಶಾಲೆಯಲ್ಲಿ. ಕನ್ನಡ ಮಾಧ್ಯಮ ಶಾಲೆಗಳಿವೆ, ಆದರೆ ತಮಿಳುನಾಡಿನ 2006ರ ಕಾಯ್ದೆ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿತು. ತಮಿಳು ಬಂದರೆ ಒಳ್ಳೆಯದೇ ಅಲ್ವಾ? ಆದರೆ ಕನ್ನಡದಲ್ಲಿ ಓದಿದ ಹುಡುಗ ಮುಂದೆ ಕೆಲಸ ಕೇಳಲು ಯಾವ ಕಡೆ ಹೋಗಬೇಕು ಅನ್ನೋದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಡಲ್ಲ.

ಇನ್ನು ಆನೆ. ಕೋಸು, ಬೀಟ್ರೂಟ್, ಜೋಳ, ಬಾಳೆ ಬೆಳೆದವರು ರಾತ್ರಿ ಅಟ್ಟಣೆ ಮೇಲೆ ಕೂತು ಕಾಯಬೇಕು. ಕರುಪ್ಪನ್ ಅನ್ನೋ ಸಲಗ ಎಷ್ಟು ಕಾಡಿತು ಅಂದರೆ, ಕುಮ್ಕಿ, ಅಂದರೆ ಪಳಗಿಸಿದ ಆನೆಗಳನ್ನು ತಂದು 2023ರಲ್ಲಿ ಹಿಡಿದು ಸಾಗಿಸಬೇಕಾಯಿತು.

ಹೊರಗಿನವರು ಮೊದಲು ಕೇಳುವುದು ಮಾತ್ರ ರಾಜ್‌ಕುಮಾರ್ ಮನೆ. ಹೌದು, ದೊಡ್ಡಗಾಜನೂರು ಇಲ್ಲಿಯದೇ. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋಗಿದ್ದೂ ಅಲ್ಲಿಂದಲೇ. ಅದೊಂದೇ ಕಥೆ ಕೇಳಿ ಹೊರಟುಹೋಗುತ್ತಾರೆ, ಬೇಜಾರು.

ನೀವು ದೀಪಾವಳಿ ಹೊತ್ತಿಗೆ ಬನ್ನಿ. ಗುಮಟಾಪುರದಲ್ಲಿ ಗೊರೆ ಹಬ್ಬ ನಡೆಯುತ್ತದೆ. ದನ ಇರುವ ಮನೆಗಳಿಂದ ಸಗಣಿ ತಂದು ಬೀರೇಶ್ವರನ ಗುಡಿ ಹತ್ತಿರ ಗುಡ್ಡೆ ಹಾಕುತ್ತಾರೆ. ಪೂಜೆ ಆದದ್ದೇ ತಡ, ಗಂಡಸರು ಅಂಗಿ ಬಿಚ್ಚಿ ಅದರೊಳಗೆ ಇಳಿದು ಉಂಡೆ ಕಟ್ಟಿ ಎರಚಾಡುತ್ತಾರೆ. ಕಣ್ಣು, ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಹಸಿರು. ಎರಡೂ ರಾಜ್ಯದವರು ಸೇರುತ್ತಾರೆ. ಯಾರು ಯಾರಿಗೆ ಹೊಡೆದರೋ ಗೊತ್ತಾಗಲ್ಲ. ಸುಮ್ನೆ ನೋಡಲು ಬಂದೆ ಅಂದರೂ ಬಿಡಲ್ಲ, ಹಳೇ ಬಟ್ಟೆ ತನ್ನಿ.